ಹಾಯಿದೋಣಿಯಲ್ಲಿ ಹೋಗುವಾಗ ದಾರಿಯ ಬಂದರಿನಲ್ಲಿ ಸ್ನೇಹಿತರನ್ನು ಕಾಣುವುದು ಹೇಗೆ

ಅಕ್ಟೋಬರ್ ಬಂತೆಂದರೆ ಅಮೆರಿಕದ ಪೂರ್ವ ಕರಾವಳಿಯ ಹಾಯಿದೋಣಿಗಳು ದಕ್ಷಿಣಕ್ಕೆ ಹೊರಡುತ್ತವೆ. ಮೇನ್, ಕನೆಕ್ಟಿಕಟ್, ನ್ಯೂಯಾರ್ಕ್ ಕಡೆಯ ಬೋಟುಗಳು ಚಳಿ ಹಿಡಿಯುವ ಮುಂಚೆ ಚೆಸಪೀಕ್ ಕೊಲ್ಲಿ ಸೇರಿಕೊಂಡು, ಅಲ್ಲಿಂದ ನಾರ್ಫೋಕ್, ಫ್ಲೋರಿಡಾ, ಇನ್ನು ಕೆಲವು ಬಹಾಮಾಸ್ ತನಕ ಹೋಗುತ್ತವೆ. ನಮ್ಮ ನವರಾತ್ರಿ, ದೀಪಾವಳಿ ಬರುವುದೂ ಇದೇ ಹೊತ್ತಿಗೆ. ಕೊಲ್ಲಿಯ ಪಕ್ಕದ ಮೇರಿಲ್ಯಾಂಡ್, ವರ್ಜೀನಿಯಾಗಳಲ್ಲಿ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ನೀವು ಹೊರಟಿದ್ದೀರಿ ಅಂತ ಗೊತ್ತಾದರೆ ಸಾಕು, "ಈ ಕಡೆಯಿಂದಲೇ ಹೋಗ್ತೀರಲ್ವಾ, ಹಬ್ಬಕ್ಕೆ ಬನ್ನಿ" ಎಂದು ಫೋನ್ ಬಂದೇ ಬರುತ್ತದೆ.

ನಾನು ಮತ್ತು ನನ್ನ ಹೆಂಡತಿ 34 ಅಡಿಯ ಬೋಟಿನಲ್ಲಿ ಈ ದಾರಿಯಲ್ಲಿ ನಾಲ್ಕು ಸಲ ಹೋಗಿದ್ದೇವೆ. ಪ್ರತಿ ಸಲವೂ ದಾರಿಯಲ್ಲಿ ಯಾರನ್ನಾದರೂ ಕಂಡಿದ್ದೇವೆ. ವಾರಗಟ್ಟಲೆ ಇಬ್ಬರೇ ಇದ್ದು, ಎಂಜಿನ್ ಎಣ್ಣೆ ಮತ್ತು ಹವಾಮಾನ ಬಿಟ್ಟರೆ ಬೇರೆ ಮಾತಿಲ್ಲದೆ ಇದ್ದವರಿಗೆ, ಬೋಟು ಕಟ್ಟುವ ಡಾಕಿನ ಮೇಲೆ ಯಾರೋ ಕನ್ನಡದಲ್ಲಿ ಹೆಸರು ಹಿಡಿದು ಕರೆದರೆ ಆಗುವ ಖುಷಿಯೇ ಬೇರೆ. ಆದರೆ ಇದನ್ನು ಸರಿಯಾಗಿ ಮಾಡಲು ಕಲಿಯಬೇಕು. ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಊರು ಹೇಳಿದರೆ ದಿನ ಹೇಳಬೇಡಿ, ದಿನ ಹೇಳಿದರೆ ಊರು ಹೇಳಬೇಡಿ. ಎರಡನ್ನೂ ಒಟ್ಟಿಗೆ ಮಾತು ಕೊಟ್ಟರೆ ಗಾಳಿ ನೋಡಿ ಹೊರಡುವ ಬದಲು ಕ್ಯಾಲೆಂಡರ್ ನೋಡಿ ಹೊರಡುತ್ತೀರಿ.

ಮೊದಲ ವರ್ಷ ನಾವು ಮಾಡಿದ್ದು ಅದನ್ನೇ. ಶನಿವಾರ ಸಂಜೆ ದೀಪಾವಳಿ ಊಟಕ್ಕೆ ಚೆಸಪೀಕ್ ಕೊಲ್ಲಿಯ ಅನಾಪೊಲಿಸ್ ತಲುಪುತ್ತೇವೆ ಅಂತ ಸ್ನೇಹಿತನಿಗೆ ಮಾತು ಕೊಟ್ಟಿದ್ದೆವು. ಶುಕ್ರವಾರ ಬೆಳಿಗ್ಗೆ ನಾವಿನ್ನೂ ನ್ಯೂಜೆರ್ಸಿಯ ದಕ್ಷಿಣ ತುದಿಯ ಕೇಪ್ ಮೇಯಲ್ಲಿ. ಅಲ್ಲಿಂದ ಡೆಲವೇರ್ ಕೊಲ್ಲಿಯಲ್ಲಿ ಸುಮಾರು 50 ನಾಟಿಕಲ್ ಮೈಲಿ ಮೇಲಕ್ಕೆ ಹೋದರೆ ಚೆಸಪೀಕಿಗೆ ದಾಟುವ ಕಾಲುವೆಯ ಬಾಯಿ ಸಿಗುತ್ತದೆ. ವಾಯವ್ಯದಿಂದ 20 ನಾಟ್, ಅಂದರೆ ಗಂಟೆಗೆ 20 ನಾಟಿಕಲ್ ಮೈಲಿ, ಗಾಳಿ ಅಂತ ಮುನ್ಸೂಚನೆ ಇತ್ತು. ಆ ಕೊಲ್ಲಿ ಚಾಚಿಕೊಂಡಿರುವುದೂ ಅದೇ ದಿಕ್ಕಿಗೆ, ಅಂದರೆ ಗಾಳಿ ನೇರ ಮುಖಕ್ಕೆ. ಉಬ್ಬರ ಹಿಡಿದು ಹೋದರೆ ಬೇಗ ಆಗುತ್ತದೆ ಎಂದು ಲೆಕ್ಕ ಹಾಕಿದೆವು. ಉಬ್ಬರ ನಮ್ಮನ್ನು ಮೇಲಕ್ಕೆ ತಳ್ಳಿತು, ನಿಜ. ಆದರೆ ನೀರು ಒಂದು ಕಡೆ, ಗಾಳಿ ಅದರ ಎದುರು ಕಡೆ ಹೋಗುವಾಗ ಅಲೆ ಗೋಡೆಯ ಹಾಗೆ ನಿಲ್ಲುತ್ತದೆ. ಒಂದರ ಹಿಂದೆ ಒಂದು, ನಡುವೆ ಉಸಿರಾಡಲೂ ಜಾಗ ಇಲ್ಲ. ಕುಂದಾಪುರದ ಕಡೆ ಹುಟ್ಟಿ ಬೆಳೆದವನು ನಾನು. ಗಂಗೊಳ್ಳಿ ಅಳಿವೆಯಲ್ಲಿ ಹೊಳೆ ಹೊರಗೆ ನುಗ್ಗುವಾಗ ಕಡಲು ಹೇಗೆ ಏಳುತ್ತದೆ ಅಂತ ಚಿಕ್ಕಂದಿನಿಂದ ನೋಡಿದ್ದೇನೆ. ಆದರೂ ಮಾತು ಕೊಟ್ಟಿದ್ದೇವಲ್ಲ ಅಂತ ಹೊರಟೆ. ಹೆಂಡತಿ ಆರು ಗಂಟೆ ಬಕೆಟ್ ಹಿಡಿದು ಕೂತಿದ್ದಳು. ಕಾಲುವೆ ಮುಟ್ಟುವಾಗ ಮಧ್ಯರಾತ್ರಿ. ಶನಿವಾರ ಇಡೀ ದಿನ ಇಬ್ಬರೂ ಏಳಲೇ ಇಲ್ಲ, ಊಟ ತಪ್ಪಿತು. ಅವಳನ್ನು ಆ ಸ್ಥಿತಿಗೆ ತಂದದ್ದಕ್ಕೆ ನನಗೆ ಈಗಲೂ ಬೇಸರ ಇದೆ.

ಭಾನುವಾರ ಆ ಸ್ನೇಹಿತ ಏನು ಮಾಡಿದ ಗೊತ್ತಾ? ಮೇರಿಲ್ಯಾಂಡಿನ ಕೊಲಂಬಿಯಾದಿಂದ ಹೊರಟು, ಒಂದೂವರೆ ಗಂಟೆ ಕಾರು ಓಡಿಸಿ, ಕಾಲುವೆಯ ಪಕ್ಕದ ಚೆಸಪೀಕ್ ಸಿಟಿಗೆ ಊಟದ ಡಬ್ಬಗಳ ಸಮೇತ ಬಂದ. ನಮಗೆ ಒಂದಿಡೀ ದಿನದಲ್ಲಿ ಮಾಡಲು ಆಗದ ದೂರ ಅವನಿಗೆ ಒಂದೂವರೆ ಗಂಟೆ. ಆವತ್ತಿನಿಂದ ನಮ್ಮ ಲೆಕ್ಕ ಬದಲಾಯಿತು. ಬೋಟು ಗಾಳಿ ಹೇಳಿದಲ್ಲಿಗೆ ಹೋಗಲಿ, ಸ್ನೇಹಿತರ ಕಾರು ಬೋಟು ಇದ್ದಲ್ಲಿಗೆ ಬರಲಿ.

ಸ್ನೇಹಿತರಿಗೆ ಮೊದಲೇ ಏನು ಹೇಳಬೇಕು

ಒಂದು ವಾರ ಮುಂಚೆ ಫೋನ್ ಮಾಡಿ, ದಿನಾಂಕದ ಬದಲು ನಾಲ್ಕೈದು ದಿನದ ಅಂದಾಜು ಕೊಡಿ. ಜೊತೆಗೆ ಮೂರು ಊರುಗಳ ಹೆಸರು ಹೇಳಿ, ಪ್ರತಿಯೊಂದಕ್ಕೂ ಅವರ ಮನೆಯಿಂದ ಕಾರಿನಲ್ಲಿ ಎಷ್ಟು ಹೊತ್ತು ಅಂತ ನೀವೇ ನೋಡಿ ಹೇಳಿ. ನಾವು ಸಾಮಾನ್ಯವಾಗಿ ಹೇಳುವುದು ಚೆಸಪೀಕ್ ಸಿಟಿ, ಅನಾಪೊಲಿಸ್, ಸೇಂಟ್ ಮೈಕಲ್ಸ್. ಈ ಮೂರರಲ್ಲಿ ಎಲ್ಲಿರುತ್ತೇವೆ ಅಂತ ಎರಡು ದಿನ ಮುಂಚೆ ಹೇಳುತ್ತೇವೆ, ಹಿಂದಿನ ರಾತ್ರಿ ಲಂಗರು ಹಾಕಿದ ಮೇಲೆ ಖಾತ್ರಿ ಮಾಡುತ್ತೇವೆ. ಲಂಗರು ಹಾಕುವ ಮುಂಚೆ "ಬಂದಾಯ್ತು" ಎಂದು ಹೇಳಬೇಡಿ. ಅವರು ಮಕ್ಕಳಿಗೆ ಹೇಳಿರುತ್ತಾರೆ, ಅಡುಗೆಗೆ ನೆನೆ ಹಾಕಿರುತ್ತಾರೆ.

ಬೋಟಿನ ವೇಗ ದಡದಲ್ಲಿರುವವರಿಗೆ ಅಂದಾಜು ಸಿಗುವುದಿಲ್ಲ, ಹಾಗಾಗಿ ಬಿಡಿಸಿ ಹೇಳಿ. ನಮ್ಮಂಥ ಬೋಟು ಗಂಟೆಗೆ ಐದಾರು ನಾಟಿಕಲ್ ಮೈಲಿ ಹೋದರೆ ಅದೇ ಜಾಸ್ತಿ. ಡೆಲವೇರ್ ನದಿಯಿಂದ ಚೆಸಪೀಕಿಗೆ ಬರುವ ಕಾಲುವೆ 14 ಮೈಲಿ ಉದ್ದ, ಅಲ್ಲಿ ಹಾಯಿ ಇಳಿಸಿ ಎಂಜಿನ್ನಿನಲ್ಲೇ ಹೋಗಬೇಕು, ನೀರಿನ ಸೆಳೆತ ಎದುರಾದರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ. ಅಲ್ಲಿಂದ ಅನಾಪೊಲಿಸ್‌ಗೆ ಇನ್ನೊಂದು ಇಡೀ ದಿನ. ಶರತ್ಕಾಲದಲ್ಲಿ ನಾಲ್ಕೈದು ದಿನಕ್ಕೊಮ್ಮೆ ಉತ್ತರದಿಂದ ತಣ್ಣನೆಯ ಗಾಳಿ ನುಗ್ಗುತ್ತದೆ, ಆ ದಿನ ಎಲ್ಲೂ ಕದಲುವುದಿಲ್ಲ ಅಂತ ಮೊದಲೇ ತಿಳಿಸಿ. ಇಷ್ಟು ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಏನೂ ಹೇಳದೆ ಕೊನೆಗೆ "ಗಾಳಿ ಸರಿ ಇಲ್ಲ, ಬರ್ಲಿಕ್ಕೆ ಆಗ್ಲಿಲ್ಲ" ಅಂದರೆ ಬೇಸರ ಆಗಿಯೇ ಆಗುತ್ತದೆ.

ಸೇಂಟ್ ಮೈಕಲ್ಸ್ ಚೆಂದದ ಊರು, ಕೊಲ್ಲಿಯ ಕಡಲ ಮ್ಯೂಸಿಯಂ ಇರುವುದು ಅಲ್ಲೇ. 1879ರ ಒಂದು ಮರದ ದೀಪಸ್ತಂಭವನ್ನು ಕಿತ್ತು ತಂದು ಅಂಗಳದಲ್ಲಿ ನಿಲ್ಲಿಸಿದ್ದಾರೆ, ಮಕ್ಕಳು ಹತ್ತಿ ನೋಡಬಹುದು. ಆದರೆ ವಾಷಿಂಗ್ಟನ್ ಕಡೆಯಿಂದ ಅಲ್ಲಿಗೆ ಬರಲು ಕೊಲ್ಲಿಯ ಮೇಲಿನ ಬೇ ಬ್ರಿಡ್ಜ್ ದಾಟಬೇಕು. ನಾಲ್ಕು ಮೈಲಿಗಿಂತ ಉದ್ದ, ನಡುವೆ ನೀರಿನಿಂದ 186 ಅಡಿ ಎತ್ತರ. ಅದರ ಮೇಲೆ ಓಡಿಸಲು ಹೆದರುವವರು ನಿಜವಾಗಿಯೂ ಇದ್ದಾರೆ. ಅಂಥವರ ಕಾರನ್ನು ದುಡ್ಡು ತೆಗೆದುಕೊಂಡು ದಾಟಿಸಿ ಕೊಡುವ ಡ್ರೈವರ್‌ಗಳೂ ಇದ್ದಾರೆ. ಸ್ನೇಹಿತರಿಗೆ ಆ ಹೆದರಿಕೆ ಇದೆಯಾ ಅಂತ ಸುಮ್ನೆ ಒಂದು ಮಾತು ಕೇಳಿ. ಬೇಸಿಗೆಯ ಶುಕ್ರವಾರ ಸಂಜೆಯಾದರೆ ಅವರನ್ನು ಆ ಕಡೆ ಕರೆಯಲೇಬೇಡಿ, ಇಡೀ ಊರೇ ಓಷನ್ ಸಿಟಿ ಬೀಚಿಗೆ ಹೊರಟಿರುತ್ತದೆ.

ಅನಾಪೊಲಿಸ್‌ನಲ್ಲಿ ಎಲ್ಲಿ ನಿಲ್ಲಬೇಕು

ನನ್ನ ಆಯ್ಕೆ ಯಾವಾಗಲೂ ಅನಾಪೊಲಿಸ್. ವಾಷಿಂಗ್ಟನ್, ಬಾಲ್ಟಿಮೋರ್ ಎರಡೂ 30 ಮೈಲಿ ಆಸುಪಾಸು. ನೌಕಾಪಡೆಯ ಅಕಾಡೆಮಿ 1845ರಿಂದ ಅಲ್ಲಿದೆ, ಅದರ ಗೋಡೆಯ ಎದುರಿಗೇ ತಳಕ್ಕೆ ಬಿಗಿದ ನಗರಸಭೆಯ ಮೂರಿಂಗ್ ಬಾಲ್‌ಗಳು ತೇಲುತ್ತಿರುತ್ತವೆ. ಅದಕ್ಕೆ ಹಗ್ಗ ಕಟ್ಟಿದರೆ ಲಂಗರಿನ ಚಿಂತೆ ಇಲ್ಲ. ರೇಡಿಯೋದಲ್ಲಿ ಹಾರ್ಬರ್‌ಮಾಸ್ಟರ್ 17ನೇ ಚಾನೆಲ್ಲಿನಲ್ಲಿ ಸಿಗುತ್ತಾರೆ, ವಾಟರ್ ಟ್ಯಾಕ್ಸಿ 68ರಲ್ಲಿ. ಹೊರಗಿನ ಸಾಲಿನಲ್ಲಿ ನೋಟ ಚೆಂದ, ಆದರೆ ಹೋಗಿ ಬರುವ ಬೋಟುಗಳ ಅಲೆಗೆ, ಆಗ್ನೇಯದ ಗಾಳಿಗೆ ಜಾಸ್ತಿ ತೂಗುತ್ತದೆ. ಅಭ್ಯಾಸ ಇಲ್ಲದವರು ತಟ್ಟೆ ಹಿಡಿದು ಕೂತಾಗ ಅದು ಕಷ್ಟ. ಹಾಗಾಗಿ ನೆಂಟರು ಬರುವ ದಿನ ನಾವು ಎತ್ತುವ ಸೇತುವೆ ದಾಟಿ ಸ್ಪಾ ಕ್ರೀಕಿನ ಒಳಗೆ ಹೋಗುತ್ತೇವೆ. ಸೇತುವೆಯವರಿಗೆ 13ನೇ ಚಾನೆಲ್. ಕೆಲಸದ ದಿನ ಬೆಳಿಗ್ಗೆ, ಸಂಜೆ ಟ್ರಾಫಿಕ್ ಹೊತ್ತಿನಲ್ಲಿ ಎತ್ತುವುದಕ್ಕೆ ನಿರ್ಬಂಧ ಇರುತ್ತದೆ, ವೇಳಾಪಟ್ಟಿ ನೋಡಿಕೊಳ್ಳಿ. ಅಕ್ಟೋಬರಿನ ಬೋಟ್ ಶೋ ದಿನಗಳನ್ನು ತಪ್ಪಿಸಿ. ನೀರಿನ ಮೇಲೂ ಜಾಗ ಇರುವುದಿಲ್ಲ, ರಸ್ತೆಯ ಮೇಲೂ ಇರುವುದಿಲ್ಲ.

ಕಾರಿನ ವಿಷಯ ಮರೆಯಬೇಡಿ. ಸಿಟಿ ಡಾಕ್ ತಗ್ಗಿನಲ್ಲಿದೆ. ದೊಡ್ಡ ಉಬ್ಬರದ ದಿನ ಮಳೆ ಇಲ್ಲದೆಯೂ ನೀರು ರಸ್ತೆಗೆ ಬರುತ್ತದೆ. ಉಬ್ಬರದ ಸಮಯ ನೀವು ಹೇಗೂ ನೋಡುತ್ತೀರಲ್ಲ, ಅದನ್ನು ಕಾರು ನಿಲ್ಲಿಸುವವರಿಗೂ ಹೇಳಿ. ಮೇಲಿನ ಗ್ಯಾರೇಜಿನಲ್ಲಿ ನಿಲ್ಲಿಸಿ ನಡೆದು ಬರಲಿ. ಇನ್ನೊಂದು ಉಪಾಯ ಇದೆ. ಈ ಊರಿನಲ್ಲಿ ಎಷ್ಟೋ ರಸ್ತೆಗಳು ನೀರಿನಲ್ಲಿ ಮುಗಿಯುತ್ತವೆ, ಆ ತುದಿಗಳಲ್ಲಿ ಡಿಂಗಿ, ಅಂದರೆ ಬೋಟಿನಿಂದ ದಡಕ್ಕೆ ಹೋಗಿಬರುವ ಪುಟ್ಟ ದೋಣಿ, ಕಟ್ಟಲು ಸಣ್ಣ ಕಟ್ಟೆಗಳಿವೆ. ಸ್ಪಾ ಕ್ರೀಕಿನ ಆಚೆ ದಡದ ಈಸ್ಟ್‌ಪೋರ್ಟ್ ಕಡೆಯ ಅಂಥ ಒಂದು ರಸ್ತೆಯ ತುದಿಯಲ್ಲಿ ಭೇಟಿಯಾದರೆ ಪೇಟೆಯ ಗದ್ದಲವೇ ಇಲ್ಲ.

ವಯಸ್ಸಾದವರು ಬಂದರೆ

ಹಬ್ಬದ ಹೊತ್ತಿಗೆ ಸ್ನೇಹಿತರ ಮನೆಯಲ್ಲಿ ಊರಿನಿಂದ ಬಂದ ಅಪ್ಪ ಅಮ್ಮ ಇರುತ್ತಾರೆ. ಅವರನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ದಯವಿಟ್ಟು ಹೇಳಬೇಡಿ. ಆರು ತಿಂಗಳು ನಾಲ್ಕು ಗೋಡೆಯ ನಡುವೆ ಕೂತವರಿಗೆ ಈ ಒಂದು ಮಧ್ಯಾಹ್ನ ಎಷ್ಟು ದೊಡ್ಡದು ಅಂತ ನಾನು ನೋಡಿದ್ದೇನೆ. ಆದರೆ ಅವರನ್ನು ಡಿಂಗಿಗೆ ಹತ್ತಿಸಬೇಡಿ. ಒಂದೆರಡು ಗಂಟೆಗೆ ದುಡ್ಡು ಕೊಟ್ಟಾದರೂ ಬೋಟನ್ನೇ ಡಾಕಿಗೆ ತನ್ನಿ.

ಸ್ನೇಹಿತನ ಅಮ್ಮ ಸಾಗರದ ಕಡೆಯವರು, 70 ದಾಟಿದೆ. ಸೀರೆ ಉಟ್ಟೇ ಬಂದರು. ಬೋಟಿನ ಅಂಚಿಗೆ ಎರಡು ಸಾಲು ತಂತಿ ಕಟ್ಟಿರುತ್ತದೆ, ಅದರ ನಡುವೆ ಒಂದು ಕಡೆ ಬಿಚ್ಚಿ ಬಾಗಿಲಿನ ಹಾಗೆ ಮಾಡಬಹುದು. ಅದನ್ನು ಬಿಚ್ಚಿದೆ. ಡಾಕಿನ ಮೇಲೆ ಗಟ್ಟಿಯಾದ ಮೆಟ್ಟಿಲು ಇಟ್ಟೆ. ಬೋಟು ದೂರ ಸರಿಯದ ಹಾಗೆ ಮಧ್ಯದ ಹಗ್ಗವನ್ನು ಬಿಗಿ ಮಾಡಿದೆ, ಇದನ್ನು ಮಾತ್ರ ಮರೆಯಲೇಬಾರದು, ಯಾಕೆಂದರೆ ಒಂದು ಕಾಲು ಡಾಕಿನಲ್ಲಿ ಒಂದು ಕಾಲು ಬೋಟಿನಲ್ಲಿ ಇರುವಾಗಲೇ ಬೋಟು ಸರಿಯುವುದು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಅಮ್ಮ ಎಂದೆ. ಅವರ ಮಗ ಹಿಂದೆ, ನಾನು ಒಳಗೆ. ಬೆರಳು ಹಿಡಿದರೆ ಜಾರುತ್ತದೆ, ಅದಕ್ಕೆ ನಾನು ಅವರ ಮಣಿಕಟ್ಟು ಹಿಡಿದೆ, ಅವರು ನನ್ನ ಮಣಿಕಟ್ಟು ಹಿಡಿದರು. ಬಳೆ ಮೇಲೆ ಸರಿಸಿಕೊಂಡು ಒಂದೇ ಹೆಜ್ಜೆಯಲ್ಲಿ ಒಳಗೆ ಬಂದರು. "ಹೆದರಿಕೆ ಎಂತದು ಮಾರಾಯ, ಸಿಗಂದೂರು ಲಾಂಚಲ್ಲಿ ಎಷ್ಟು ಸಲ ದಾಟಿಲ್ಲ ನಾನು" ಎಂದು ಚುಕ್ಕಾಣಿಯ ಪಕ್ಕ ಕೂರುವ ಜಾಗವಾದ ಕಾಕ್‌ಪಿಟ್ಟಿನಲ್ಲಿ ಕೂತು, ಚಪ್ಪಲಿ ಎಲ್ಲಿ ಬಿಡಲಿ ಅಂತ ಕೇಳಿದರು. ನಮ್ಮವರಿಗೆ ಚಪ್ಪಲಿ ಬಿಡಿ ಎಂದು ಹೇಳಬೇಕಾಗಿಯೇ ಇಲ್ಲ, ಡೆಕ್ಕಿಗೆ ಕಪ್ಪು ಗೆರೆ ಬೀಳುವ ಚಿಂತೆಯೂ ಇಲ್ಲ. ಎರಡು ಗಂಟೆ ಕೂತಿದ್ದರು. ಹಾಯಿ ಬಿಚ್ಚಲಿಲ್ಲ, ಡಾಕು ಬಿಡಲಿಲ್ಲ. ಅವರಿಗೆ ಅಷ್ಟೇ ಬೇಕಿತ್ತು.

ಉಳಿದವರನ್ನು ಡಿಂಗಿಯಲ್ಲಿ ಕರೆತರುವಾಗ ಮೂರು ಜನಕ್ಕಿಂತ ಜಾಸ್ತಿ ಹತ್ತಿಸಬೇಡಿ, ಎರಡು ಸಲ ಹೋದರೆ ಏನೂ ನಷ್ಟವಿಲ್ಲ. ಊರ ಕಡೆಯ ಪಾತಿ ದೋಣಿಯ ನಿಯಮವೇ ಇಲ್ಲಿಯೂ. ನಡುವೆ ಕಾಲಿಡಿ, ತಕ್ಷಣ ಕೂತುಕೊಳ್ಳಿ, ಅಂಚು ತುಳಿಯಬೇಡಿ. ಎಷ್ಟು ಜನರೋ ಅಷ್ಟು ಲೈಫ್ ಜಾಕೆಟ್ ಇರಬೇಕು, ಇದು ಕಾನೂನು. ಮಕ್ಕಳಿಗೆ ಡಾಕಿನ ಮೇಲೆಯೇ ತೊಡಿಸಿ. ಅವರ ಅಳತೆಯ ಜಾಕೆಟ್ ನಿಮ್ಮಲ್ಲಿ ಇರುವುದಿಲ್ಲ, ಹಾಗಾಗಿ ಮಕ್ಕಳ ತೂಕ ಮೊದಲೇ ಕೇಳಿ ಒಂದೆರಡು ಹೊಂದಿಸಿಡಿ. ಕತ್ತಲಾದ ಮೇಲೆ ಬಿಳಿ ದೀಪ ಉರಿಯುತ್ತಿರಲಿ. ಎಂಜಿನ್ ನಿಲ್ಲಿಸುವ ಕೆಂಪು ದಾರವನ್ನು ಕೈಗೆ ಸಿಕ್ಕಿಸಿಕೊಳ್ಳಿ. ಸಣ್ಣ ಬೋಟು ವೇಗವಾಗಿ ಓಡಿಸುವಾಗ ಇದು 2021ರಿಂದ ಕಡ್ಡಾಯ, ನಿಧಾನ ಹೋಗುವಾಗಲೂ ಅಭ್ಯಾಸ ಒಳ್ಳೆಯದು. ಡಿಂಗಿ ಡಾಕಿನಲ್ಲಿ ಕಟ್ಟುವ ಹಗ್ಗ ಉದ್ದ ಬಿಡಿ, ಹಿಂದೆ ಬಂದವರು ನಿಮ್ಮದನ್ನು ಸರಿಸಿ ಒಳಗೆ ಬರಬೇಕಲ್ವಾ.

ಬೋಟಿನ ಒಳಗೆ ಕಾಲಿಟ್ಟ ಕೂಡಲೇ ಟಾಯ್ಲೆಟ್ ತೋರಿಸಿ. ನಾಚಿಕೆ ಪಟ್ಟುಕೊಂಡು ಆಮೇಲೆ ಹೇಳೋಣ ಎಂದು ಬಿಟ್ಟರೆ ಪಂಪು ಕಟ್ಟಿಕೊಳ್ಳುತ್ತದೆ, ಅದನ್ನು ಬಿಚ್ಚುವುದು ನೀವೇ. ಹೊಟ್ಟೆಗೆ ಹೋದದ್ದು ಬಿಟ್ಟು ಬೇರೆ ಏನೂ ಒಳಗೆ ಹೋಗಬಾರದು, ಕಾಗದಕ್ಕೆ ಪಕ್ಕದಲ್ಲಿ ಚೀಲ ಇದೆ, ಹಿಡಿಯನ್ನು ಹತ್ತು ಸಲ ಒತ್ತಬೇಕು. ಇಷ್ಟೇ. ಕೊಳೆ ಕೊಲ್ಲಿಗೆ ಬಿಡುವ ಹಾಗಿಲ್ಲ, ಟ್ಯಾಂಕಿನಲ್ಲಿ ನಿಲ್ಲುತ್ತದೆ. ಎಂಟು ಜನ ಬರುವ ಹಿಂದಿನ ದಿನ ಟ್ಯಾಂಕು ಖಾಲಿ ಮಾಡಿಸಿಕೊಳ್ಳಿ, ಅನಾಪೊಲಿಸ್‌ನಲ್ಲಿ ಅದಕ್ಕೆಂದೇ ಒಂದು ಬೋಟು ಬರುತ್ತದೆ. ನೀರಿನ ವಿಷಯವೂ ಹೀಗೇ. ಊಟ ಆದ ಮೇಲೆ ಪಾತ್ರೆ ತೊಳೆಯಲು ಎದ್ದು ನಲ್ಲಿ ಬಿಟ್ಟು ನಿಲ್ಲುವುದು ನಮ್ಮ ಹೆಂಗಸರ, ಈಗ ಗಂಡಸರದ್ದೂ, ಪ್ರೀತಿಯ ಅಭ್ಯಾಸ. ನಮ್ಮ ಟ್ಯಾಂಕಿನಲ್ಲಿ ಇರುವುದು 200 ಲೀಟರ್, ಅದು ಇಬ್ಬರಿಗೆ ಹತ್ತು ದಿನ ಬರಬೇಕು. ತಟ್ಟೆಗಳನ್ನು ಬಕೆಟ್ಟಿಗೆ ಹಾಕಿ ಸಾಕು, ಆಮೇಲೆ ನಾವೇ ನೋಡಿಕೊಳ್ಳುತ್ತೇವೆ ಅಂತ ಮೊದಲೇ ಹೇಳಿಬಿಡಿ.

ಅಡುಗೆ ಸರಳವಾಗಿರಲಿ. ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ. ಬೋಟಿನ ಎರಡು ಒಲೆಯಲ್ಲಿ ಎಣ್ಣೆ ಕಾಯಿಸಿ ಪೂರಿ ಕರಿಯಲು ಹೋಗಬೇಡಿ. ಪಕ್ಕದಲ್ಲಿ ದೊಡ್ಡ ಬೋಟೊಂದು ಹಾದರೆ ಸಾಕು, ಕಾದ ಎಣ್ಣೆ ನೆಲಕ್ಕೆ. ದೀಪಾವಳಿಯ ಹಣತೆಯನ್ನೂ ಡೆಕ್ಕಿನ ಮೇಲೆ ಇಡಬೇಡಿ, ಬ್ಯಾಟರಿ ಹಣತೆ ಸಾಲಾಗಿ ಇಟ್ಟರೆ ನೀರಿನಲ್ಲಿ ಅದರ ಬೆಳಕು ಎರಡಾಗಿ ಕಾಣುತ್ತದೆ. ಮೀನು ಏಡಿ ತಿನ್ನುವವರಾದರೆ ಒಂದು ಹೊತ್ತು ದಡದಲ್ಲಿ ಏಡಿ ತಿನ್ನಿ. ನೀಲಿ ಏಡಿಯನ್ನು ಮಸಾಲೆ ಉದುರಿಸಿ ಹಬೆಯಲ್ಲಿ ಬೇಯಿಸಿ, ಮೇಜಿಗೆ ಕಾಗದ ಹಾಸಿ ಸುರಿದು, ಕೈಗೊಂದು ಮರದ ಸುತ್ತಿಗೆ ಕೊಡುತ್ತಾರೆ. ಏಡಿ ಗಸಿ ತಿಂದು ಬೆಳೆದ ನಾಲಿಗೆಗೆ ತೆಂಗಿನಕಾಯಿ ಇಲ್ಲವಲ್ಲ ಅನಿಸುತ್ತದೆ, ಆದರೆ ಮಾತಾಡುತ್ತಾ ಎರಡು ಗಂಟೆ ಕೂರಲು ಇಷ್ಟು ಒಳ್ಳೆಯ ಊಟ ಬೇರೆ ಇಲ್ಲ.

ಹಾಯಿ ಬಿಚ್ಚಿ ಒಂದು ಸುತ್ತು ಕರೆದುಕೊಂಡು ಹೋಗುವುದಾದರೆ ಎರಡು ಗಂಟೆ ಸಾಕು, ಗಾಳಿ 12 ನಾಟ್ ಒಳಗಿರಲಿ. ಥಾಮಸ್ ಪಾಯಿಂಟ್ ದೀಪಸ್ತಂಭದ ತನಕ ಹೋಗಿ ಬನ್ನಿ. 1875ರಿಂದ ನೀರಿನ ನಡುವೆಯೇ ನಿಂತಿದೆ, ಆರು ಮೂಲೆಯ ಪುಟ್ಟ ಮನೆಯ ಹಾಗೆ. ವಾಂತಿಯ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಒಂದು ಗಂಟೆ ಮುಂಚೆಯೇ ತೆಗೆದುಕೊಳ್ಳಲಿ, ಸುರು ಆದ ಮೇಲೆ ಪ್ರಯೋಜನವಿಲ್ಲ. ಮುಖ ಬಿಳಿಚಿಕೊಂಡವರ ಕೈಗೆ ಚುಕ್ಕಾಣಿ ಕೊಡಿ, ದೂರದ ದಡ ನೋಡುತ್ತಾ ನಿಲ್ಲಲಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತಾರೆ.

ಅವರ ಮನೆಗೆ ಹೋಗುವಾಗ

"ಏನು ಬೇಕು ಹೇಳಿ" ಎಂದು ಕೇಳಿದರೆ "ಏನೂ ಬೇಡ" ಅನ್ನಬೇಡಿ. ಸಂಕೋಚ ಬಿಟ್ಟು ಹೇಳಿ. ನಮ್ಮ ಪಟ್ಟಿ ಯಾವಾಗಲೂ ಒಂದೇ. ಕರಿಬೇವು, ಹಸಿಮೆಣಸು, ಎರಡು ಲೋಡ್ ಬಟ್ಟೆ ಒಗೆಯಲು ಮಿಷನ್, ಗ್ಯಾಸ್ ಸಿಲಿಂಡರ್ ತುಂಬಿಸಲು ಕಾರು, ಮತ್ತು ಒಂದು ವಿಳಾಸ. ಬೋಟಿನವರಿಗೆ ವಿಳಾಸ ಇರುವುದಿಲ್ಲವಲ್ಲ, ಎಂಜಿನ್ನಿನ ಬಿಡಿಭಾಗ, ಔಷಧಿ, ಬ್ಯಾಂಕಿನ ಕಾರ್ಡು ಎಲ್ಲವನ್ನೂ ಸ್ನೇಹಿತರ ಮನೆಗೆ ತರಿಸಿಕೊಳ್ಳಬಹುದು. ಪಾರ್ಸೆಲ್ ಒಂದು ವಾರ ಮುಂಚೆಯೇ ತಲುಪುವ ಹಾಗೆ ನೋಡಿಕೊಳ್ಳಿ. ಇದನ್ನೆಲ್ಲ ಅವರು ಸಂತೋಷದಿಂದ ಮಾಡುತ್ತಾರೆ, ಆದರೆ ಮೊದಲ ದಿನ ಮಾತಿಗೆ ಕೂತುಕೊಳ್ಳಿ, ಕೆಲಸದ ಓಡಾಟ ಎರಡನೇ ದಿನಕ್ಕಿರಲಿ. ಬಂದ ತಕ್ಷಣ ಬಟ್ಟೆಯ ಗಂಟು ಇಳಿಸಿದರೆ ಭೇಟಿಗೆ ಬಂದ ಹಾಗಾಗುವುದಿಲ್ಲ.

ರಾತ್ರಿ ಉಳಿಯಿರಿ ಎಂದು ಒತ್ತಾಯ ಮಾಡುತ್ತಾರೆ. ಬೋಟು ಲಂಗರಿನಲ್ಲಿದ್ದರೆ ನಾನು ಉಳಿಯುವುದಿಲ್ಲ. ಮೂರಿಂಗ್ ಬಾಲ್ ಅಥವಾ ಡಾಕಿನಲ್ಲಿದ್ದರೆ ಮಾತ್ರ, ಅದೂ ಅಲ್ಲಿ ಒಂದು ರಾತ್ರಿ ನಾವೇ ಮಲಗಿ ನೋಡಿದ ಮೇಲೆ, ಮರುದಿನ ಮಧ್ಯಾಹ್ನದ ತನಕ ಗಾಳಿ 15 ನಾಟ್ ದಾಟುವುದಿಲ್ಲ ಅಂತ ಖಾತ್ರಿಯಾದ ಮೇಲೆ. ಹೊರಡುವ ಮುಂಚೆ ತಳದ ನೀರಿನ ಕವಾಟಗಳನ್ನು ಮುಚ್ಚಿ, ಗ್ಯಾಸ್ ಬಂದ್ ಮಾಡಿ, ತಳದ ನೀರು ಎತ್ತುವ ಪಂಪು ತಾನಾಗಿ ಓಡುವಂತೆ ಇಡಿ. ಹಗ್ಗ ಉಜ್ಜುವ ಜಾಗಕ್ಕೆ ಬಟ್ಟೆ ಅಥವಾ ಪೈಪು ಸುತ್ತಿ. ಪಕ್ಕದ ಬೋಟಿನವರಿಗೆ ನಿಮ್ಮ ಫೋನ್ ನಂಬರ್ ಕೊಡಿ. ಅವರ ಮನೆಯ ಮೆತ್ತಗಿನ ಹಾಸಿಗೆಯಲ್ಲಿ ಮೊದಲ ರಾತ್ರಿ ನಿದ್ದೆ ಬರುವುದಿಲ್ಲ. ಹಾಸಿಗೆ ಅಲುಗಾಡುವುದಿಲ್ಲವಲ್ಲ, ಅದಕ್ಕೆ.

ಹೊರಡುವ ದಿನ ಬೆಳಕು ಹರಿಯುವ ಮುಂಚೆಯೇ ಹಗ್ಗ ಬಿಚ್ಚುತ್ತೀರಿ, ಹಾಗಾಗಿ ವಿದಾಯ ಹಿಂದಿನ ಸಂಜೆಯೇ ಆಗಿಬಿಡಲಿ. ಕೊಟ್ಟು ಕಳಿಸಿದ ಸ್ಟೀಲ್ ಡಬ್ಬಗಳನ್ನು ಆವತ್ತೇ ತೊಳೆದು ವಾಪಸ್ ಕೊಡಿ, ಮುಂದಿನ ವರ್ಷದ ತನಕ ಬೋಟಿನಲ್ಲಿ ಉಳಿದರೆ ಉಪ್ಪುಗಾಳಿಗೆ ಸ್ಟೀಲಿಗೂ ಕಲೆ ಬೀಳುತ್ತದೆ. ಖಾಲಿ ಡಬ್ಬ ಕೊಡುವುದು ಹೇಗೆ ಎಂದು ನನ್ನ ಹೆಂಡತಿಗೆ ಯಾವಾಗಲೂ ಚಿಂತೆ. ಹೋದ ವರ್ಷ ಒಂದಕ್ಕೆ ಮೇನ್ ಕಡೆಯಿಂದ ತಂದ ಒಣ ಬ್ಲೂಬೆರಿ ತುಂಬಿಸಿದಳು, ಇನ್ನೊಂದಕ್ಕೆ ಮಕ್ಕಳಿಗೆ ಅಂತ ದಾರಿಯಲ್ಲಿ ಆರಿಸಿದ ಚಿಪ್ಪುಗಳು. ಆಮೇಲೆ ಮುಂದಿನ ಜಾಗದಲ್ಲಿ ಲಂಗರು ಹಿಡಿದ ಕೂಡಲೇ ಒಂದು ಮೆಸೇಜ್ ಹಾಕಿ. ಎಷ್ಟೇ ಹೊತ್ತಾಗಿರಲಿ, ಹಾಕಿ. ಸಾಗರದ ಆ ಅಮ್ಮ ನಮ್ಮ ಮೆಸೇಜ್ ಬರುವ ತನಕ ಮಗನ ಫೋನ್ ಪಕ್ಕದಲ್ಲಿಟ್ಟುಕೊಂಡು ಎದ್ದೇ ಕೂತಿದ್ದರಂತೆ.